ಬಣ್ಣದಕ್ಕನ ಇಪ್ಪತ್ತೆರಡು ಷೇರು

ಮದುವೆಯಾದ ಎರಡನೇ ತಿಂಗಳಲ್ಲಿ ಮಾವನಿಗೆ ಊಟದ ಡಬ್ಬಿ ಕೊಟ್ಟು ಬರುತ್ತೇನೆಂದು ಅವರ ಪೇಂಟ್ ಫ್ಯಾಕ್ಟರಿಗೆ ಹೋದವಳು ಸಂಜೆಯವರೆಗೂ ಮನೆಗೆ ಬರಲಿಲ್ಲ. ಆಗಿದ್ದು ಇಷ್ಟೆ. ಬಾಗಿಲ ಪಕ್ಕದಲ್ಲಿ ಎರಡು ಡಬ್ಬ ಹಸಿರು ಬಣ್ಣವನ್ನು ಮುಚ್ಚಳ ತೆಗೆದು ಇಟ್ಟಿದ್ದರು. ಎರಡೂ ಒಂದೇ ಶಾಲೆಯ ಬಾಗಿಲು ಕಿಟಕಿಗಳಿಗೆ ಹೋಗಬೇಕಾದ ಮಾಲು. ಅವಳು ಹಾದುಹೋಗುತ್ತಾ ನಿಂತು, "ಮಾವ, ಇವೆರಡೂ ಒಂದೇ ಹಸಿರಲ್ಲ" ಎಂದಳು. ಬಣ್ಣ ಕಲಸುವವರು ಹೊಸ ಸೊಸೆಯ ಮರ್ಯಾದೆಗೆಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಮಾವ ನಗಲಿಲ್ಲ. ಎರಡನ್ನೂ ಎರಡು ತಗಡಿನ ಚೂರಿಗೆ ಬಳಿದು ಒಣಗಲು ಇಟ್ಟರು. ಒಣಗಿದ ಮೇಲೆ ನೋಡಿದರೆ ಒಂದು ಚಿಗುರೆಲೆಯ ಹಸಿರು, ಇನ್ನೊಂದು ಪಾಚಿಯ ಹಸಿರು.

"ಇಪ್ಪತ್ತು ವರ್ಷದಿಂದ ಇದನ್ನೇ ಕಲಸ್ತಿರೋರಿಗೆ ಕಾಣದ್ದು ನಿನಗೆ ಹೇಗಮ್ಮ ಕಾಣ್ತು?"

"ಗೊತ್ತಿಲ್ಲ ಮಾವ. ಕಂಡಿತು, ಹೇಳ್ದೆ."

ಮಾವ ಅವಳನ್ನು ಉತ್ತರದ ಕಿಟಕಿಯ ಬಳಿ ಕರೆದೊಯ್ದು ಕೂರಿಸಿದರು. ಬಣ್ಣ ನೋಡಲು ಆ ಬೆಳಕೇ ಸರಿ. ಅಲ್ಲಿ ಬಿಸಿಲು ನೇರವಾಗಿ ಬೀಳುವುದಿಲ್ಲ. ಅಂದಿನಿಂದ ಆ ಕುರ್ಚಿ ಅವಳದಾಯಿತು. ಅಪ್ಪಟ ಬಿಳಿ ಬೇಕೆಂದರೆ ಬಿಳಿಗೆ ಒಂದು ಚಿಟಿಕೆ ನೀಲಿ ಬೀಳಬೇಕು, ಕೆಂಪು ಕಣ್ಣಿಗೆ ಹೊಡೆಯಬಾರದೆಂದರೆ ಒಂದು ಹನಿ ಹಸಿರು ಬೀಳಬೇಕು, ಹಸಿ ಬಣ್ಣ ಸುಳ್ಳು ಹೇಳುತ್ತದೆ, ಒಣಗಿದ ಮೇಲೆಯೇ ಅದರ ನಿಜ ಗುಣ. ಇವನ್ನೆಲ್ಲ ಮಾವನೇ ಕಲಿಸಿದರು. ಒಂದು ವರ್ಷ ಕಳೆಯುವುದರೊಳಗೆ ಅವರು ಕಲಿಸುವುದು ಮುಗಿದು ಅವಳು ಕಂಡುಹಿಡಿಯುವುದು ಶುರುವಾಗಿತ್ತು. ಕೆಲಸಗಾರರು ಅವಳನ್ನು ಬಣ್ಣದಕ್ಕ ಎಂದರು. ಅಂಗಡಿಯವರೂ ಹಾಗೇ ಎಂದರು. ಕೊನೆಗೆ ಗಂಡನೂ ಫೋನಿನಲ್ಲಿ ಗಿರಾಕಿಗಳಿಗೆ, "ನಮ್ಮ ಬಣ್ಣದಕ್ಕ ನೋಡಿ ಪಾಸು ಮಾಡಿದ್ದು ಸ್ವಾಮಿ, ಕಣ್ಣು ಮುಚ್ಕೊಂಡು ತಗೊಳ್ಳಿ" ಎನ್ನತೊಡಗಿದ.

ಗಂಡನದು ಮಾರಾಟದ ಕೆಲಸ. ಬಾಯಿಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುವ ಹಾಗಿನ ಗಂಡು. ವಾರದಲ್ಲಿ ನಾಲ್ಕು ದಿನ ಊರೂರು ತಿರುಗುತ್ತಿದ್ದ. ಮನೆಗೆ ಬಂದ ದಿನ ಎಲ್ಲರನ್ನೂ ನಗಿಸುತ್ತಿದ್ದ. ಅವನನ್ನು ಕೆಟ್ಟವನು ಎನ್ನಲು ಅವಳಿಗೆ ಬಹಳ ವರ್ಷ ಕಾರಣವೇ ಸಿಕ್ಕಿರಲಿಲ್ಲ.

ಮಗಳು ಹುಟ್ಟಿದ ವರ್ಷ ಫ್ಯಾಕ್ಟರಿಯನ್ನು ಕಂಪನಿ ಮಾಡಿದರು. ನೂರು ಷೇರು. ನಲವತ್ತು ಮಾವನಿಗೆ, ಮೂವತ್ತೆಂಟು ಗಂಡನಿಗೆ, ಇಪ್ಪತ್ತೆರಡು ಅವಳಿಗೆ. "ನನ್ನ ಬಲಗೈ ನೀನು, ಬಲಗೈಗೆ ಏನಾದ್ರೂ ಹಿಡ್ಕೊಳ್ಳೋಕೆ ಬೇಡ್ವಾ?" ಎಂದಿದ್ದರು ಮಾವ. ಅವಳನ್ನು ನಿರ್ದೇಶಕಿಯನ್ನಾಗಿಯೂ ಮಾಡಿದರು. ಷೇರಿನ ಹಾಳೆಯನ್ನು ಅವಳು ಒಮ್ಮೆ ನೋಡಿ, ಮಗಳ ಆಸ್ಪತ್ರೆಯ ಚೀಟಿಗಳ ಜೊತೆಗೆ ಬೀರುವಿನಲ್ಲಿ ಇಟ್ಟು ಮರೆತಳು. ಆಮೇಲೆ ಆಗಾಗ ಕಾಗದಗಳು ಬರುತ್ತಿದ್ದವು. ಎಲ್ಲಿ ಸಹಿ ಹಾಕಬೇಕೆಂದು ಗಂಡ ಪೆನ್ಸಿಲ್ಲಿನಲ್ಲಿ ಒಂದು ಗುರುತು ಮಾಡಿ ತರುತ್ತಿದ್ದ. ಅವಳ ಕೈಗೆ ಬಣ್ಣ ಮೆತ್ತಿರುತ್ತಿತ್ತು. ಬಟ್ಟೆಯಲ್ಲಿ ಒರೆಸಿಕೊಂಡು ಸಹಿ ಹಾಕುತ್ತಿದ್ದಳು. ಒಣಗದ ಬಣ್ಣ ತನ್ನ ಕಡೆ ನೋಡುತ್ತಿರುವಾಗ ಕಾಗದ ಓದುತ್ತಾ ಕೂರುವುದು ಸಮಯ ಹಾಳು ಎಂದೇ ಅವಳ ಲೆಕ್ಕ. ಹದಿನೇಳು ವರ್ಷದಲ್ಲಿ ಒಂದನ್ನೂ ಓದಲಿಲ್ಲ. ಈ ಮಾತನ್ನು ಅವಳು ಮುಂದೆ ಯಾರಿಗೆ ಹೇಳಿದರೂ ತಲೆ ತಗ್ಗಿಸಿಯೇ ಹೇಳುತ್ತಿದ್ದಳು.

ಮುರಿದದ್ದು ಒಂದು ಹಳದಿ ಬಣ್ಣದಿಂದ.

ಮಕ್ಕಳ ಮಂಚ, ತೊಟ್ಟಿಲು ಮಾಡುವ ಒಬ್ಬ ದೊಡ್ಡ ಗಿರಾಕಿಯನ್ನು ಗಂಡ ಹಿಡಿದಿದ್ದ. ಅವರಿಗೆ ಬಿಸಿಲಿನಂಥ ಹಳದಿ ಬೇಕಿತ್ತು. ಗಂಡ ಎಲ್ಲಿಂದಲೋ ಅಗ್ಗದ ಹಳದಿ ಪುಡಿ ತರಿಸಿದ. ಡ್ರಮ್ಮಿಗೆ ಹಾಕಿದ್ದೇ ಬಣ್ಣ ಧಗಧಗ ಹೊಳೆಯಿತು. ಆ ಹೊಳಪೇ ಬಣ್ಣದಕ್ಕನಿಗೆ ಸರಿಬರಲಿಲ್ಲ. ಒಂದು ಸಣ್ಣ ಡಬ್ಬಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದಳು. ಸೀಸ ಬೆರೆತಿದೆ, ಇರಬೇಕಾದ ಮಿತಿಗಿಂತ ಎಷ್ಟೋ ಹೆಚ್ಚು ಎಂದು ವರದಿ ಬಂತು. ಮಕ್ಕಳು ತೊಟ್ಟಿಲಿನ ಕಂಬಿ ಕಚ್ಚುತ್ತವೆ. ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಆ ಮಾಲಿನ ಮೇಲೆ ಕೆಂಪು ಗೀಟು ಹೊಡೆದು, ಪುಸ್ತಕದಲ್ಲಿ ಬರೆದು, ಗಂಡನಿಗೆ ಹೇಳಿದಳು. ಗಂಡ, "ಆಯ್ತು ಬಿಡು, ಪುಡಿ ಕೊಟ್ಟವನ ಹತ್ರ ಮಾತಾಡ್ತೀನಿ" ಎಂದ.

ಮೂರು ತಿಂಗಳ ಮೇಲೆ, ಮಗಳಿಗೆ ಓದುವ ಮೇಜು ಕೊಳ್ಳಲು ಒಂದು ಪೀಠೋಪಕರಣದ ಅಂಗಡಿಗೆ ಹೋದಾಗ, ಹಿಂದಿನ ಸಾಲಿನಲ್ಲಿ ಹನ್ನೆರಡು ಹಳದಿ ತೊಟ್ಟಿಲುಗಳು ನಿಂತಿದ್ದವು. ಮುಟ್ಟಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ಗೀಚು ಬಿದ್ದರೆ ಸರಿಮಾಡಲೆಂದು ಅಂಗಡಿಯವನು ಇಟ್ಟುಕೊಂಡಿದ್ದ ಡಬ್ಬವನ್ನು ಕೇಳಿ ತರಿಸಿಕೊಂಡಳು. ಅದರ ಮೇಲೆ ಅವರ ಫ್ಯಾಕ್ಟರಿಯ ಪಾಸ್ ಚೀಟಿ. ಚೀಟಿಯ ಮೇಲೆ ಅವಳ ಸಹಿ. ಅವಳು ಹಾಕದ ಸಹಿ. ಅಚ್ಚುಕಟ್ಟಾಗಿತ್ತು, ಅವಳದಕ್ಕಿಂತ ಚೆನ್ನಾಗಿಯೇ ಇತ್ತು.

ಮನೆಗೆ ಬಂದು ಗಂಡನ ಎದುರು ಆ ಚೀಟಿ ಇಟ್ಟಳು.

"ಇದು ಯಾರ ಸಹಿ ರೀ?"

ಅವನು ನೋಡಿದ. ನಾಚಲಿಲ್ಲ, ಸಿಟ್ಟೂ ಆಗಲಿಲ್ಲ. "ನಿನ್ನ ಸಹಿ ಅಂದ್ರೆ ಮನೆ ಸಹಿ ತಾನೆ? ನೀನು ಹಾಕಿದ್ರೇನು, ನಾನು ಹಾಕಿದ್ರೇನು?"

"ಮಕ್ಕಳು ಕಚ್ಚುತ್ವೆ ರೀ ಅದನ್ನ."

"ನಾವೂ ಕಚ್ಚಿದೀವಿ ಚಿಕ್ಕವರಿದ್ದಾಗ. ಸತ್ತುಹೋದ್ವಾ?"

ಅವಳು ಮಾರನೆಯ ದಿನವೇ ತೊಟ್ಟಿಲು ಮಾಡುವವರಿಗೆ ಪರೀಕ್ಷೆಯ ವರದಿ ಇಟ್ಟು ಪತ್ರ ಬರೆದಳು. ಅವರು ಅಂಗಡಿಗಳಿಂದ ಮಾಲು ವಾಪಸ್ ತರಿಸಿಕೊಂಡರು, ವ್ಯವಹಾರ ಮುರಿದುಕೊಂಡರು, ಹೋಗುತ್ತಾ ನಾಲ್ಕು ಜನ ಗಿರಾಕಿಗಳಿಗೂ ಹೇಳಿ ಹೋದರು. ಮನೆಯಲ್ಲಿ ಬೆಂಕಿ ಬಿತ್ತು. ಗಂಡ ಹೇಳಿದ್ದು ಎರಡೇ ಮಾತು: 'ನನ್ನಿಂದ ತಪ್ಪಾಯಿತು, ಬೇರೆ ಡಬ್ಬದ ವರದಿ ಇದು' ಎಂದು ನೀನು ಅವರಿಗೆ ಬರೆದುಕೊಡು, ಇಲ್ಲದಿದ್ದರೆ ಈ ಮನೆಯಲ್ಲಿ ಇರಬೇಡ. ಅವಳು ಮಾವನ ಮುಖ ನೋಡಿದಳು. ಮಾವ ಕನ್ನಡಕ ಒರೆಸಿಕೊಳ್ಳುತ್ತಾ, "ಮನೆ ಮಾತು ಬೀದಿಗೆ ಹಾಕಬಾರದಿತ್ತಮ್ಮ" ಎಂದರು. ಸೀಸದ ವಿಚಾರವಾಗಿ ಒಂದು ಮಾತೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯುವಾಗ ಯಾರಿಗೆ ದೂರು ಕೊಡುವುದು?

ಅವಳು ಬರೆದುಕೊಡಲಿಲ್ಲ. ಎರಡು ಚೀಲ ಬಟ್ಟೆ, ತಾನು ಬಣ್ಣದ ಪಾಕ ಬರೆದಿಟ್ಟುಕೊಂಡಿದ್ದ ಪುಸ್ತಕಗಳು, ಬೀರುವಿನಲ್ಲಿದ್ದ ಕಾಗದಗಳ ಒಂದು ಕಟ್ಟು ತೆಗೆದುಕೊಂಡು ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಗೆ ಬಾಡಿಗೆಗೆ ಹೋದಳು. ಮಗಳಿಗೆ ಹದಿನೇಳು. ಪರೀಕ್ಷೆ ಮುಗಿಯುವ ತನಕ ತಾತನ ಮನೆಯಲ್ಲೇ ಇರುತ್ತೇನೆ ಎಂದಳು. ಶಾಲೆ ಹತ್ತಿರ ಎನ್ನುವುದು ನಿಜವೇ. ಆದರೂ ಮೆಟ್ಟಿಲು ಇಳಿಯುವಾಗ ಮಗಳು ಚೀಲ ಹಿಡಿಯಲು ಬರಲಿಲ್ಲ. ಅದು ಬಹಳ ದಿನ ಅವಳ ಎದೆಯಲ್ಲಿ ಮುಳ್ಳಾಡಿತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಕಂಪನಿಯ ಜಗಳಕ್ಕೆ ಊಟವೂ ಇಲ್ಲ, ನಿದ್ದೆಯೂ ಇಲ್ಲ. ಇದನ್ನು ಅವಳಿಗೆ ಹೇಳಿದ್ದು ವಕೀಲಮ್ಮ. ಅರವತ್ತರ ಹತ್ತಿರದ, ಗಂಟಲು ಒಡೆದ ದನಿಯ ಹೆಂಗಸು. ಕೋಣೆಯ ತುಂಬ ದಾರ ಕಟ್ಟಿದ ಕಡತಗಳು, ಒಂದು ಫ್ಯಾನು, ಅದೂ ಕಾಗದ ಹಾರದ ಹಾಗೆ ಗೋಡೆಯ ಕಡೆ ತಿರುಗಿಸಿಟ್ಟದ್ದು. ಬಣ್ಣದಕ್ಕ ವಿಚ್ಛೇದನದ ವಿಚಾರ ಮಾತಾಡಲು ಹೋಗಿದ್ದಳು. ವಕೀಲಮ್ಮ ಅದನ್ನು ಒಂದು ಕಡೆ ಇಟ್ಟು ಅವಳ ಕಾಗದದ ಕಟ್ಟು ಬಿಚ್ಚಿದರು. ಅರ್ಧ ಗಂಟೆ ಒಂದೊಂದೇ ಹಾಳೆ ತಿರುವಿದರು.

"ಈ ಸಹಿ ನಿಮ್ಮದೇನಾ?"

"ನಂದೇ."

"ಓದಿ ಹಾಕಿದ್ದಾ?"

ಬಣ್ಣದಕ್ಕ ತಲೆ ತಗ್ಗಿಸಿದಳು.

"ಬ್ಯಾಂಕಿನ ಸಾಲಕ್ಕೆ ನೀವು ಸ್ವಂತ ಜಾಮೀನು ನಿಂತಿದೀರಿ ಕಣಮ್ಮ. ಕಂಪನಿ ಕಟ್ಟದೆ ಹೋದ್ರೆ ನಿಮ್ಮ ಬ್ಯಾಂಕ್ ಪುಸ್ತಕದಲ್ಲಿರೋ ದುಡ್ಡು, ನಾಳೆ ನೀವು ದುಡಿಯೋ ದುಡ್ಡು, ಎಲ್ಲಕ್ಕೂ ಅವರು ಕೈ ಹಾಕಬಹುದು. ಮನೆ ಬಿಟ್ಟು ಬಂದ್ರಿ, ಸರಿ. ಕತ್ತು ಅಲ್ಲೇ ಬಿಟ್ಟು ಬಂದಿದೀರಲ್ಲ!"

ಅವಳಿಗೆ ನಗುವೂ ಬಂತು, ಅಳುವೂ ಬಂತು. ತಾನೇನೋ ನೂರರಲ್ಲಿ ಇಪ್ಪತ್ತೆರಡರ ಒಡತಿ ಎಂದುಕೊಂಡಿದ್ದಳು. ಸಾಲದಲ್ಲಿ ಮಾತ್ರ ನೂರಕ್ಕೆ ನೂರರ ಒಡತಿ.

ವಕೀಲಮ್ಮ ಬೆರಳು ಮಡಚುತ್ತಾ ಹೇಳಿದರು. ನಿರ್ದೇಶಕಿ ಸ್ಥಾನಕ್ಕೆ ಸಿಟ್ಟಿನಲ್ಲಿ ರಾಜೀನಾಮೆ ಕೊಡಬೇಡಿ. ಒಳಗಿದ್ದರೆ ಲೆಕ್ಕದ ಪುಸ್ತಕ ನೋಡುವ ಹಕ್ಕಿದೆ, ಹೊರಗೆ ಬಂದರೆ ಬಾಗಿಲು ತಟ್ಟಬೇಕು. ನಿಮ್ಮ ಹೊಸ ವಿಳಾಸವನ್ನು ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ತಿಳಿಸಿ, ರಸೀದಿ ಜೋಪಾನ. ಇನ್ನು ಮುಂದಿನ ಯಾವ ಸಾಲಕ್ಕೂ ನನ್ನ ಜಾಮೀನಿಲ್ಲ ಎಂದು ಬ್ಯಾಂಕಿಗೆ ಇವತ್ತೇ ಬರೆಯಿರಿ, ಜಾಮೀನಿಗೆ ಸಂಬಂಧಪಟ್ಟ ಕಾಗದಗಳ ಪ್ರತಿ ಕೇಳಿ. ಕಂಪನಿಯ ಗುಟ್ಟಿನ ಕಾಗದ ಕದ್ದು ತರಬೇಡಿ, ಕೇಳಿ ತಗೊಳ್ಳಿ. "ಆಮೇಲೆ ಮುಖ್ಯವಾದದ್ದು. ಯಾರು ಬಂದು ಕಣ್ಣೀರು ಹಾಕಿದ್ರೂ ಕಾಗದಕ್ಕೆ ಪೆನ್ನು ತಾಗಿಸಬೇಡಿ. ಅಳೋರು ಅಳಲಿ."

"ನಮ್ಮ ಮಾವ ಹಾಗೆ ಮಾಡೋರಲ್ಲ ಮೇಡಂ."

"ನಾನು ಮಾವ ಅಂದ್ನಾ?" ಎಂದರು ವಕೀಲಮ್ಮ.

ಮಾವ ಬಂದದ್ದು ಮೂರನೆಯ ವಾರ, ಮಧ್ಯಾಹ್ನ. ಎಪ್ಪತ್ನಾಲ್ಕರ ಮುದುಕ, ದರ್ಜಿಯ ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಕಿರಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತಿದ್ದನ್ನು ಕಂಡು ಅವಳು ಎದ್ದು ಬಾಗಿಲಿಗೆ ಬಂದಳು. ಕುರ್ಚಿ ಒಂದೇ ಇತ್ತು. ಅವರನ್ನು ಕೂರಿಸಿ, ನೀರು ಕೊಟ್ಟು, ತಾನು ಮಂಚದ ಅಂಚಿನಲ್ಲಿ ಕೂತಳು. ಅವರು ಗೋಡೆ ನೋಡಿದರು. "ಯಾರ ಪೇಂಟಮ್ಮ ಇದು? ಪುಡಿ ಉದುರ್ತಿದೆ" ಎಂದರು. ಇಬ್ಬರೂ ನಕ್ಕರು. ಮನೆ ಬಿಟ್ಟ ಮೇಲೆ ಅವಳು ಬಾಯ್ತುಂಬ ನಕ್ಕಿದ್ದು ಅದೇ ಮೊದಲು.

ಮಾವ ಚೀಲದಿಂದ ಕಾಗದ ತೆಗೆದರು.

"ಏನಿಲ್ಲಮ್ಮ. ನಿನ್ನ ಜಾಮೀನಿನ ಭಾರ ಇಳಿಸೋಣ ಅಂತ ಬ್ಯಾಂಕಿನವರ ಹತ್ರ ಮಾತಾಡಿದೀನಿ. ಅದಕ್ಕೊಂದು ಅರ್ಜಿ. ಇಲ್ಲೊಂದು ಸಹಿ ಹಾಕಿಬಿಡು. ನಿನ್ನನ್ನ ಕಷ್ಟಕ್ಕೆ ಸಿಕ್ಕಿಸಿ ನಾನು ಕಣ್ಣು ಮುಚ್ಚಬಾರದು."

ಪೆನ್ಸಿಲ್ಲಿನ ಗುರುತು ಇತ್ತು. ಅವಳ ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು. ಹದಿನೇಳು ವರ್ಷದ ರೂಢಿ. ಅರ್ಧದಲ್ಲಿ ನಿಂತಿತು.

"ಇಟ್ಟು ಹೋಗಿ ಮಾವ. ಓದಿ ನೋಡ್ತೀನಿ."

ಮಾವನ ಮುಖ ಸಪ್ಪಗಾಯಿತು. "ಓದ್ತೀಯಾ? ನಾನು ಕೊಟ್ಟಿದ್ದನ್ನ?"

"ಹೂಂ ಮಾವ."

"ನನ್ನ ಕಣ್ಣೆದುರಿಗೆ ಕಲಿತ ಹುಡುಗಿ ನೀನು. ನನ್ನನ್ನ ನಂಬಲ್ಲ ಅಂತ ಆಯ್ತು."

 ಕಾಗದ ಎಳೆದುಕೊಂಡು ಅಲ್ಲಿಯೇ, ಅವರೆದುರಿಗೇ, ಒಂದೊಂದೇ ಸಾಲು ಓದಿದಳು. ಮೊದಲ ಹಾಳೆ ಬ್ಯಾಂಕಿಗೆ ಅರ್ಜಿ, ಸರಿಯೇ. ಗುಂಡುಸೂಜಿ ಚುಚ್ಚಿದ್ದ ಎರಡನೆಯ ಹಾಳೆ ಷೇರು ವರ್ಗಾವಣೆಯದು. ಇಪ್ಪತ್ತೆರಡೂ ಷೇರು, ಗಂಡನ ಹೆಸರಿಗೆ. ತಾರೀಖಿನ ಜಾಗ ಖಾಲಿ.

"ಇದು ನಿಮಗೆ ಗೊತ್ತಿತ್ತಾ ಮಾವ?"

ಕೆಳಗೆ ಹೊಲಿಗೆ ಯಂತ್ರವೊಂದು ನಿಂತು ಮತ್ತೆ ಶುರುವಾಯಿತು. ಮಾವ ಲೋಟದಲ್ಲಿದ್ದ ನೀರನ್ನು ಪೂರ್ತಿ ಕುಡಿದರು. ಆಮೇಲೆ, "ಅವನು ನನ್ನ ಮಗನಮ್ಮ" ಎಂದರು.

ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು. ನಂಬಲು ಸಿದ್ಧವಾಗಿಯೇ ಕೂತಿದ್ದಳು. ಅವರು ಮೆಟ್ಟಿಲು ಇಳಿಯುವಾಗ ಬೀಳಬಾರದೆಂದು ತೋಳು ಹಿಡಿದು ಕೆಳಗಿನ ತನಕ ಬಿಟ್ಟು ಬಂದಳು. ವಾಪಸ್ ಬಂದು ಅವರು ಕೂತಿದ್ದ ಕುರ್ಚಿಯಲ್ಲಿ ತಾನೇ ಕೂತು ಸಾಯಂಕಾಲದ ತನಕ ಅತ್ತಳು. ಗಂಡನನ್ನು ಬಿಟ್ಟು ಬಂದದ್ದಕ್ಕೆ ಅವಳು ಅಷ್ಟು ಅತ್ತಿರಲಿಲ್ಲ.

ಮಗಳು ಭಾನುವಾರಗಳಲ್ಲಿ ಬರುತ್ತಿದ್ದಳು. ಒಂದು ದಿನ ಬಟ್ಟೆ ಮಡಚುತ್ತಾ ಹೇಳಿದಳು:

"ಅಮ್ಮ, ಎಲ್ಲರೂ ಹೇಳ್ತಾರೆ, ನೀನು ಷೇರಿನ ದುಡ್ಡಿಗೋಸ್ಕರ ಹೀಗೆ ಹಟ ಮಾಡ್ತಿದೀಯ ಅಂತ."

"ನೀನೇನು ಹೇಳ್ತೀಯ?"

"ನಾನು ಪರೀಕ್ಷೆಗೆ ಓದ್ಕೋತಿದೀನಿ."

ಅಪ್ಪನ ಬಾಯಿ, ಅಮ್ಮನ ಕಣ್ಣು ಎರಡೂ ಬಂದಿತ್ತು ಹುಡುಗಿಗೆ. ಯಾವುದು ಗೆಲ್ಲುತ್ತದೋ ಇನ್ನೂ ತಿಳಿದಿರಲಿಲ್ಲ.

ಲೆಕ್ಕದ ಪುಸ್ತಕ ನೋಡಲೆಂದು ಫ್ಯಾಕ್ಟರಿಗೆ ಹೋದರೆ ಉತ್ತರದ ಕಿಟಕಿಯ ಕುರ್ಚಿಯಲ್ಲಿ ಈಗ ಗಂಡ ಎಲ್ಲಿಂದಲೋ ಕರೆತಂದ ಒಬ್ಬ ಕೂರುತ್ತಿದ್ದ. ಕೈಯಲ್ಲಿ ಬಣ್ಣ ಅಳೆಯುವ ಒಂದು ಯಂತ್ರ. ಕೆಲಸಗಾರರು ಅವಳನ್ನು ಕಂಡು ಎದ್ದು ನಿಲ್ಲುತ್ತಿದ್ದರು, ಹಾಗೇ ಗಂಡನ ಕೋಣೆಯ ಕಡೆ ಒಮ್ಮೆ ನೋಡಿ ಕೂತುಬಿಡುತ್ತಿದ್ದರು. ಅವರನ್ನು ದೂರಿ ಏನು ಫಲ? ಹೊಟ್ಟೆಪಾಡು. ಆಫೀಸಿನ ಟೈಪಿಸ್ಟ್ ಹೆಂಗಸೊಬ್ಬಳಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಫೋನು ಮಾಡಿದಳು.

"ಅಕ್ಕ, ನಾಡಿದ್ದು ಮೀಟಿಂಗ್ ಇದೆ. ನೋಟೀಸು ನಿಮ್ಮ ಹಳೇ ಮನೆಗೇ ಕಳಿಸಿದಾರೆ. ನಾನೇ ಟೈಪ್ ಮಾಡಿದ್ದು. ನನ್ನ ಹೆಸರು ಹೇಳಬೇಡಿ."

ಸಭೆಯಲ್ಲಿ ಎರಡು ವಿಚಾರ. ಒಂದು, ಅವಳನ್ನು ನಿರ್ದೇಶಕಿ ಸ್ಥಾನದಿಂದ ತೆಗೆಯುವುದು. ಎರಡು, ಇನ್ನೂ ನೂರು ಹೊಸ ಷೇರು ಮಾಡಿ ಅಷ್ಟನ್ನೂ ಗಂಡನಿಗೆ ಕೊಡುವುದು. ಎರಡನೆಯದು ಅರ್ಥವಾಗದೆ ಅವಳು ವಕೀಲಮ್ಮನನ್ನು ಕೇಳಿದಳು. "ನನ್ನ ಇಪ್ಪತ್ತೆರಡು ಹಾಗೇ ಇರುತ್ತಲ್ಲ ಮೇಡಂ?"

"ಇರುತ್ತೆ. ನೂರರಲ್ಲಿ ಇಪ್ಪತ್ತೆರಡು ಇತ್ತು, ಇನ್ನೂರರಲ್ಲಿ ಇಪ್ಪತ್ತೆರಡು ಇರುತ್ತೆ. ಲೋಟ ಯಾರೂ ಕಿತ್ಕೊಳ್ಳಲ್ಲ, ಹಾಲಿಗೆ ನೀರು ಹುಯ್ತಾರೆ ಅಷ್ಟೆ."

"ಪೇಂಟಿಗೆ ತಿನ್ನರ್ ಸುರಿದ ಹಾಗೆ."

"ನೋಡಿ, ನಿಮ್ಮ ಭಾಷೆಯಲ್ಲಿ ಹೇಳಿದ್ರೆ ನೀವೇ ವಕೀಲರು."

ಸಭೆಯ ದಿನ ಬಣ್ಣದಕ್ಕ ಕರೆಯದೆಯೇ ಹೋದಳು. ಪ್ಯಾಕಿಂಗ್ ಶೆಡ್ಡಿನ ಮೇಲಿನ ಕೋಣೆ; ಕೆಳಗೆ ಡಬ್ಬಗಳ ಮುಚ್ಚಳಕ್ಕೆ ಸುತ್ತಿಗೆ ಬೀಳುವ ಸದ್ದು ನೆಲದಿಂದ ಕಾಲಿಗೆ ಹತ್ತುತ್ತಿತ್ತು. ಮಾವ, ಗಂಡ, ಆಡಿಟರು ಮೂವರೂ ತಲೆ ಎತ್ತಿದರು. ಅವಳು ಕೂತು, ವಿಳಾಸ ತಿಳಿಸಿದ ಅಂಚೆಯ ರಸೀದಿಯನ್ನು ಆಡಿಟರ ಮುಂದೆ ಸರಿಸಿ, ಬರೆದು ತಂದಿದ್ದನ್ನು ಓದತೊಡಗಿದಳು.  ಗಂಡ ಮಧ್ಯದಲ್ಲಿ, "ಇದೇನು ಕೋರ್ಟು ಅಂದ್ಕೊಂಡ್ಯಾ?" ಎಂದ.

"ಇನ್ನೂ ಅಲ್ಲ ರೀ" ಎಂದಳು.

ಆಡಿಟರು ರಸೀದಿಯನ್ನು ಎರಡು ಸಲ ತಿರುಗಿಸಿ ನೋಡಿದರು. ಅವರಿಗೂ ತಮ್ಮ ಕೆಲಸದ ಚಿಂತೆ. ನೋಟೀಸು ಸರಿಯಾಗಿ ಮುಟ್ಟಿಲ್ಲ, ಇವತ್ತಿನ ಸಭೆ ನಡೆಯದು ಎಂದರು. ಅವತ್ತು ಹಾಗೆ ಉಳಿಯಿತು. ಮತ್ತೊಂದು ಸಭೆ ಕರೆಯಲು ಮೂರು ವಾರ ಬೇಕಾಯಿತು. ಅಷ್ಟರಲ್ಲಿ ವಕೀಲಮ್ಮ ನ್ಯಾಯಾಲಯಕ್ಕೆ ಹೋಗಿ ಹೊಸ ಷೇರಿಗೆ ತಡೆ ತಂದರು. ಆದರೆ ನಿರ್ದೇಶಕಿಯನ್ನು ತೆಗೆಯುವುದನ್ನು ತಡೆಯಲು ಆಗಲಿಲ್ಲ. ಎಪ್ಪತ್ತೆಂಟರ ಎದುರು ಇಪ್ಪತ್ತೆರಡು. ಕಾನೂನೂ ಎಣಿಸಿಯೇ ನೋಡುತ್ತದೆ.

ಆ ಸಭೆಗೂ ಅವಳು ಹೋದಳು. ಒಪ್ಪುವವರು ಕೈ ಎತ್ತಬೇಕು ಎಂದರು ಆಡಿಟರು. ಗಂಡ ಕೈ ಎತ್ತಿದ. ಅವನದು ಮೂವತ್ತೆಂಟು. ಅದಷ್ಟೇ ಸಾಲದು. ಕೋಣೆ ಕಾಯಿತು. ಮಾವ ಕಿಟಕಿಯ ಕಡೆ ಮುಖ ಮಾಡಿಕೊಂಡು ನಿಧಾನವಾಗಿ ಕೈ ಎತ್ತಿದರು. ಉಗುರಿನ ಸಂದಿಯಲ್ಲಿ ಐವತ್ತು ವರ್ಷದ ಬಣ್ಣ ಕಪ್ಪಗೆ ಕೂತಿದ್ದ ಕೈ. ಎಷ್ಟು ಎತ್ತಬೇಕೋ ಅಷ್ಟು ಎತ್ತಿ, ಆಡಿಟರು ಬರೆದುಕೊಂಡ ಮೇಲೂ ಇಳಿಸಲು ಮರೆತು ಹಾಗೇ ಕೂತಿದ್ದರು. "ಸಾಕು ಸಾರ್" ಎಂದು ಆಡಿಟರೇ ಹೇಳಬೇಕಾಯಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವಳು ಎದ್ದು ಹೊರಗೆ ಬಂದಳು.

ಅಲ್ಲಿಂದ ಎಂಟು ತಿಂಗಳು ಹಿಡಿಯಿತು. ಎರಡು ಕಡೆಯವರನ್ನೂ ಕೂರಿಸಿ ಮಾತಾಡಿಸಲು ನ್ಯಾಯಾಲಯ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ಗೊತ್ತುಮಾಡಿತು. ಉದ್ದನೆಯ ಮೇಜು, ಈ ಕಡೆ ಇಬ್ಬರು, ಆ ಕಡೆ ನಾಲ್ವರು. ಅವಳ ಷೇರನ್ನು ಕೊಂಡುಬಿಡುತ್ತೇವೆ ಎಂದರು ಅವರು. ಎಷ್ಟಕ್ಕೆ ಎಂದರೆ, ಗಂಡ ದುಃಖದ ದನಿಯಲ್ಲಿ, "ಎಲ್ಲಿದೆ ಸಾರ್ ಕಂಪನಿ? ಗಿರಾಕಿಗಳೆಲ್ಲ ಹೋದ್ರು. ಖಾಲಿ ಡಬ್ಬ ಅದು" ಎಂದ. ಒಂದು ಮೊತ್ತ ಹೇಳಿದ. ಅಷ್ಟಕ್ಕೆ ಒಂದು ಹಳೆಯ ಕಲಸುವ ಯಂತ್ರವೂ ಬರುತ್ತಿರಲಿಲ್ಲ.

ವಕೀಲಮ್ಮ ಕಡತದಿಂದ ಒಂದು ಕಾಗದ ತೆಗೆದರು. ಜಾಮೀನುದಾರಳಾಗಿ ಬಣ್ಣದಕ್ಕ ಬ್ಯಾಂಕಿನಿಂದ ಕೇಳಿ ಪಡೆದಿದ್ದ ಪ್ರತಿ. ಅವಳು ಮನೆ ಬಿಟ್ಟ ಮೇಲೆ, ಹೊಸ ಸಾಲಕ್ಕೆಂದು ಕಂಪನಿ ಹಾಕಿದ್ದ ಅರ್ಜಿ. ಅದರಲ್ಲಿ ಮಾರಾಟ ಏರಿದೆ, ಆರ್ಡರುಗಳು ತುಂಬಿವೆ, ಇನ್ನೊಂದು ಶೆಡ್ ಕಟ್ಟಬೇಕಾಗಿದೆ ಎಂದು ಗಂಡನೇ ಬರೆದಿದ್ದ.

"ಬ್ಯಾಂಕಿಗೆ ತುಂಬಿದ ಡಬ್ಬ, ಹೆಂಡತಿಗೆ ಖಾಲಿ ಡಬ್ಬ. ಯಾವುದು ನಿಮ್ಮ ಕಂಪನಿ? ಒಂದು ನಿಜ ಅಂದ್ರೆ ಇನ್ನೊಂದು ಸುಳ್ಳು. ಯಾರಿಗೆ ಸುಳ್ಳು ಹೇಳಿದ್ರಿ ಅಂತ ನೀವೇ ಆರಿಸ್ಕೊಳ್ಳಿ" ಎಂದರು ವಕೀಲಮ್ಮ.

ಮಾತಿನ ಮಲ್ಲ ಮೊದಲ ಬಾರಿ ತನ್ನ ವಕೀಲರ ಮುಖ ನೋಡಿದ. ಬಣ್ಣದಕ್ಕನಿಗೆ ಖುಷಿಯಾಗಬೇಕಿತ್ತು. ಅವನ ಕುತ್ತಿಗೆಯ ಮೇಲೆ ಬೆವರು ಮೂಡುವುದನ್ನು ನೋಡಿ, ಈ ಮನುಷ್ಯನ ಅಂಗಿಗೆ ಹದಿನೆಂಟು ವರ್ಷ ಗುಂಡಿ ಹಾಕಿಕೊಟ್ಟೆನಲ್ಲ ಎಂದು ಸುಸ್ತಾಯಿತು.

ಹೊರಗಿನವರಿಂದ ಬೆಲೆ ಕಟ್ಟಿಸಿದರು. ಕೇಳಿದಷ್ಟು ಬರಲಿಲ್ಲ, ಅವರು ಹೇಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಂತು. ಮೊದಲು ಬ್ಯಾಂಕಿನಿಂದ ಜಾಮೀನು ಬಿಡುಗಡೆಯ ಪತ್ರ ಬರಲಿ, ಆಮೇಲೆ ಸಹಿ ಎಂದು ವಕೀಲಮ್ಮ ಕಲ್ಲಿನಂತೆ ಕೂತರು. ಆ ಒಂದು ಪತ್ರಕ್ಕೇ ಆರು ವಾರ. ಕೊನೆಗೆ ಬಂದದ್ದು ಹನ್ನೊಂದನೆಯ ಕಲಮು: ಬಣ್ಣದಕ್ಕ ಐದು ವರ್ಷ ಪೇಂಟಿನ ಯಾವ ಕೆಲಸವನ್ನೂ ಎಲ್ಲಿಯೂ ಮಾಡುವಂತಿಲ್ಲ, ಬಣ್ಣದ ಪಾಕ ಬರೆದ ಪುಸ್ತಕಗಳೆಲ್ಲ ಕಂಪನಿಗೆ ಸೇರಿದ್ದು.

"ಇದಕ್ಕೆ ಒಪ್ಪಬೇಡಿ ಅಂತಲೂ ಹೇಳಬಲ್ಲೆ" ಎಂದರು ವಕೀಲಮ್ಮ, ಹೊರಗಿನ ಪಡಸಾಲೆಯಲ್ಲಿ. "ಆದರೆ ಇನ್ನೆರಡು ವರ್ಷ ಎಳೀತಾರೆ. ಆ ಷೇರಿಗೆ ಬೇರೆ ಯಾರೂ ಕೊಳ್ಳೋರಿಲ್ಲ, ಅವರು ಲಾಭ ಹಂಚೋದೂ ಇಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕ್ಕೋಬೇಕು, ಅಷ್ಟೆ."

 ಬಣ್ಣದಕ್ಕ ಐದನ್ನು ಮೂರಕ್ಕೆ ಇಳಿಸಿಕೊಂಡು ಒಪ್ಪಿದಳು. ಒಪ್ಪಂದದ ಹದಿನೇಳು ಪುಟವನ್ನೂ ಕೂತು ಓದಿದಳು. ಎದುರಿಗಿದ್ದವರು ಗಡಿಯಾರ ನೋಡಿಕೊಂಡರು. ನೋಡಿಕೊಳ್ಳಲಿ ಎಂದು ಇನ್ನೊಮ್ಮೆ ಓದಿದಳು. ಹನ್ನೊಂದು ಪುಸ್ತಕಗಳನ್ನು ಮೇಜಿನ ಮೇಲಿಟ್ಟಳು. ಅಂಚಿಗೆ ಬೆರಳಿನ ಗುರುತು ಮೆತ್ತಿದ್ದ, ಅವಳ ಕೈಬರಹದ, ಅವಳ ಯೌವನವೆಲ್ಲ ಒಣಗಿ ಕೂತಿದ್ದ ಪುಸ್ತಕಗಳು. ಗಂಡನ ಗುಮಾಸ್ತ ಅವನ್ನು ಎಣಿಸಿ ರಟ್ಟಿನ ಪೆಟ್ಟಿಗೆಗೆ ತುಂಬಿ ರಸೀದಿ ಕೊಟ್ಟ. ವಿಚ್ಛೇದನ ಅದೇ ತಿಂಗಳು, ಹತ್ತು ನಿಮಿಷದಲ್ಲಿ ಮುಗಿಯಿತು.

ಬಂದ ಹಣದಲ್ಲಿ ಒಂದು ಚಿಕ್ಕ ಮನೆ ಕೊಂಡಳು. ಮಗಳ ಕಾಲೇಜಿಗೆ ಬೇರೆಯಾಗಿ ಎತ್ತಿಟ್ಟಳು. ಮಗಳು ದೂರದ ಊರಿಗೆ ಓದಲು ಹೋದಳು. ಫೀಸು ಅಮ್ಮನದು, ರಜೆ ಅಪ್ಪನ ಮನೆಯಲ್ಲಿ. ಅದರಲ್ಲಿ ತಪ್ಪು ಹುಡುಕಲು ಬಣ್ಣದಕ್ಕ ಹೋಗಲಿಲ್ಲ. ಆದರೆ ಹುಡುಕದೆಯೂ ಕಣ್ಣಿಗೆ ಬೀಳುತ್ತಿತ್ತು.

ಕೆಲಸವಿಲ್ಲದೆ ಆರು ತಿಂಗಳು ಕೂತಳು. ಬಸ್ಸಿನಲ್ಲಿ ಹೋಗುತ್ತಾ ಗೋಡೆ ಗೋಡೆಯ ಬಣ್ಣ ನೋಡಿ, ಇದಕ್ಕೆ ಕೆಂಪು ಕಮ್ಮಿಯಾಯಿತು, ಇದಕ್ಕೆ ಎಣ್ಣೆ ಹೆಚ್ಚಾಯಿತು ಎಂದು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತವರು ಸರಿದು ಕೂರುತ್ತಿದ್ದರು. ಕೊನೆಗೆ ತಲೆಗೂದಲಿಗೆ ಹಚ್ಚುವ ಬಣ್ಣ ಮಾಡುವ ಕಾರ್ಖಾನೆಯೊಂದು ಅವಳನ್ನು ಕರೆಯಿತು. ಒಪ್ಪಂದ ಹಿಡಿದುಕೊಂಡು ವಕೀಲಮ್ಮನ ಹತ್ತಿರ ಹೋದಳು. ಅವರು ಕನ್ನಡಕ ಏರಿಸಿ ಓದಿ, "ಗೋಡೆ, ಮರ, ಲೋಹ ಅಂತ ಬರೆದಿದಾರೆ. ತಲೆ ಅಂತ ಎಲ್ಲೂ ಇಲ್ಲ. ಹೋಗಿ ಸೇರ್ಕೊಳ್ಳಿ" ಎಂದರು. ಅಲ್ಲಿ ಇರುವುದೇ ಒಂಬತ್ತು ಬಣ್ಣ, ಅದರಲ್ಲಿ ಆರು ಕಪ್ಪು. ವಯಸ್ಸು ಮುಚ್ಚಿಡುವವರ ಕಪ್ಪು. ಎಲೆಯ ಹಸಿರಿಗೂ ಪಾಚಿಯ ಹಸಿರಿಗೂ ವ್ಯತ್ಯಾಸ ಹೇಳುತ್ತಿದ್ದ ಕಣ್ಣು ಈಗ ಎರಡನೇ ನಂಬರಿನ ಕಪ್ಪಿಗೂ ಮೂರನೇ ನಂಬರಿನ ಕಪ್ಪಿಗೂ ವ್ಯತ್ಯಾಸ ಹೇಳುತ್ತದೆ. ಸಂಬಳ ಸರಿಯಾಗಿ ಬರುತ್ತದೆ. ಸೇರುವ ದಿನ ನೇಮಕದ ಕಾಗದವನ್ನು ಅವಳು ಓದುತ್ತಾ ಕೂತದ್ದು ಕಂಡು ಮ್ಯಾನೇಜರು ಎರಡು ಸಲ ಚಹಾ ತರಿಸಿದರು.

ಒಪ್ಪಂದವಾಗಿ ಒಂದೂವರೆ ವರ್ಷದ ಮೇಲೆ, ಒಂದು ಮಧ್ಯಾಹ್ನ, ಊಟಕ್ಕೆ ಕೈ ತೊಳೆಯುತ್ತಿದ್ದಾಗ ಮಾವನ ಫೋನು ಬಂತು. ಫೋನಿನಲ್ಲಿ ಯಾವಾಗಲೂ ಕೂಗಿ ಮಾತಾಡುತ್ತಿದ್ದವರ ದನಿ ಬಡವಾಗಿತ್ತು.

"ಆ ದಂತದ ಬಣ್ಣ ಇದೆಯಲ್ಲಮ್ಮ, ಬಳಿದ ಮೂರು ತಿಂಗಳಿಗೇ ಹಳದಿ ತಿರುಗ್ತಿದೆ. ನಿನ್ನ ಪುಸ್ತಕದಲ್ಲಿರೋ ಹಾಗೇ ಹಾಕ್ತಿದೀವಿ. ಯಂತ್ರ ಸರಿ ಇದೆ ಅನ್ನುತ್ತೆ, ಕಣ್ಣಿಗೆ ಸರಿ ಇಲ್ಲ. ಏನು ಹಾಕ್ತಿದ್ದೆ ನೀನು?"

ಏನೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಎಣ್ಣೆ. ಹೊಸದಾಗಿ ಬಂದ ಎಣ್ಣೆಯನ್ನು ಹಾಗೇ ಹಾಕಬಾರದು, ವಾರಗಟ್ಟಲೆ ತಂಗಲು ಬಿಟ್ಟು ಮೇಲಿನ ತಿಳಿಯನ್ನಷ್ಟೇ ತೆಗೆಯಬೇಕು. ಅದನ್ನು ಪುಸ್ತಕದಲ್ಲಿ ಬರೆದಿರಲಿಲ್ಲ. ಬರೆಯಬೇಕಾದ ವಿಷಯವೆಂದೇ ಅನಿಸಿರಲಿಲ್ಲ.

"ಒಪ್ಪಂದದ ಹನ್ನೊಂದನೇ ಕಲಮಿನ ಪ್ರಕಾರ ನಾನು ಪೇಂಟಿನ ಕೆಲಸ ಮಾಡೋ ಹಾಗಿಲ್ಲ ಮಾವ."

"ಇದೇನು ಕೆಲಸಾನಾ? ಬರೀ ಮಾತಲ್ವಾ?"

"ಆ ಮನೇಲಿ ಯಾವುದು ಮಾತು, ಯಾವುದು ಕೆಲಸ ಅಂತ ನನಗೆ ಯಾವತ್ತೂ ಗೊತ್ತಾಗ್ಲಿಲ್ಲ."

 ಆ ಕಡೆಯಿಂದ ಡಬ್ಬಗಳಿಗೆ ಮುಚ್ಚಳ ಬಡಿಯುವ ಸದ್ದು ಕೇಳಿಸುತ್ತಿತ್ತು.

"ಚೆನ್ನಾಗಿದೀಯಾ?" ಎಂದರು ಮಾವ.

"ಇದೀನಿ ಮಾವ. ನೀವು ಔಷಧಿ ತಗೋತಿದೀರಾ?"

"ಹೂಂ."

ಫೋನು ಇಟ್ಟರು. ಗೆದ್ದೆ ಎಂದು ಅವಳಿಗೆ ಅನಿಸಲಿಲ್ಲ, ಸೋತೆ ಎಂದೂ ಅನಿಸಲಿಲ್ಲ. ಆ ಮುದುಕನಿಗೆ ಒಂದು ಮಾತು ಹೇಳಿಬಿಡಬಹುದಿತ್ತು, ಹೇಳಲಿಲ್ಲ. ತಾನು ಇಷ್ಟು ಗಟ್ಟಿಯಾಗುತ್ತೇನೆಂದು ಯಾರಾದರೂ ಹಿಂದೆ ಹೇಳಿದ್ದರೆ ಬೈದು ಕಳಿಸುತ್ತಿದ್ದಳು. ಅವತ್ತು ಊಟ ಸೇರಲಿಲ್ಲ. ಮಾರನೆಯ ದಿನ ಸೇರಿತು.